ಸೋರುವ ಮಾಳಿಗೆಯ ಹಾಡು

ಪ್ರಶ್ನೆ: ‘ಸೋರುತಿಹುದು ಮನೆಯ ಮಾಳಿಗೆ’ಯನ್ನು ಆರ್ಕೆಸ್ಟ್ರಾದಲ್ಲಿ ಹಾಡುತ್ತಾರೆ, ಹುಡುಗರು ಕುಣಿಯುತ್ತಾರೆ. ತತ್ವಪದಕ್ಕೆ ಇದು ಅವಮಾನ ಅಲ್ವಾ?

ಉತ್ತರ: ಕುಣಿಯಲಿ ಬಿಡಿ. ಈ ಪದ ಕಟ್ಟಿದ ಶಿಶುನಾಳ ಶರೀಫರು (1819–1889) ಮುಸ್ಲಿಂ ಮನೆಯಲ್ಲಿ ಹುಟ್ಟಿದವರು, ಗುರು ಗೋವಿಂದಭಟ್ಟರು ಬ್ರಾಹ್ಮಣರು. ಆ ಪದಗಳು ಉಳಿದದ್ದೇ ಜನರ ಬಾಯಲ್ಲಿ. ಆಮೇಲೆ ಸಿ. ಅಶ್ವತ್ಥ್ ದನಿಯಲ್ಲಿ ಕ್ಯಾಸೆಟ್ಟಾಗಿ ಮನೆಮನೆಗೆ ಬಂದವು.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮಳೆ ಬಂದ ರಾತ್ರಿ ಅವ್ವ ಸೋರುವ ಕಡೆಯೆಲ್ಲ ತಾಟು, ತಂಬಿಗೆ ಇಡುತ್ತಿದ್ದಳು. ಟಪ್ ಟಪ್ ಸದ್ದಿನ ನಡುವೆ ಇದೇ ಪದ ಗುನುಗುತ್ತಿದ್ದಳು. ನನಗದು ಸುಮ್ನೆ ಮಳೆಯ ಹಾಡು. ಹಾಡಿನೊಳಗಿನ ‘ಅಜ್ಞಾನದಿಂದ’ ಅನ್ನುವ ಮಾತು ಕಿವಿಗೆ ಬಿದ್ದು, ಸೋರುವ ಮನೆ ನಾನೇ ಅಂತ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಹಾಡು ಮೊದಲೇ ಬಾಯಿಪಾಠ ಆಗಿತ್ತು, ಅದಕ್ಕೇ ಹೊಳೆಯಿತು. ಆರ್ಕೆಸ್ಟ್ರಾದವರಿಗೆ ಒಂದೇ ಕೇಳಿಕೆ: ಆ ಒಂದು ಮಾತು ಡ್ರಮ್ಮಿನ ಸದ್ದಿನಲ್ಲಿ ಮುಳುಗದಿರಲಿ.