ಓದುಗರ ಪ್ರಶ್ನೆ: ಗಿಟಾರ್, ಬೇಸ್ ಅಭ್ಯಾಸಕ್ಕೆ ಬ್ಯಾಟರಿ ಎಫೆಕ್ಟ್ಸ್ ಪೆಟ್ಟಿಗೆ

ಈ ಬಾರಿಯ ಪತ್ರಗಳು ಬಹುಪಾಲು ಕೊಡಗಿನವು, ವಿಷಯವೂ ಒಂದೇ: ಬ್ಯಾಟರಿಯಲ್ಲಿ ನಡೆಯುವ, ಕೈಚೀಲದಲ್ಲಿ ಹಿಡಿಸುವ ಮಲ್ಟಿ ಎಫೆಕ್ಟ್ಸ್ ಪ್ರೊಸೆಸರ್, ಅಂದರೆ ವಾದ್ಯದ ಶಬ್ದವನ್ನು ಬಗೆಬಗೆಯಾಗಿ ಬದಲಿಸುವ ಪೆಟ್ಟಿಗೆ. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿ, ಊರಿನ ಹೆಸರಷ್ಟೇ ಹಾಕಿದ್ದೇವೆ.

ಪ್ರಶ್ನೆ: ನಾನು ಗಿಟಾರ್, ತಮ್ಮ ನಾಲ್ಕು ತಂತಿಯ ಬೇಸ್ ನುಡಿಸುತ್ತೇವೆ. ಇಬ್ಬರಿಗೂ ಸೇರಿ ಒಂದೇ ಪ್ರೊಸೆಸರ್ ಸಾಕೇ? ಅಂಗಡಿಯವರು ಗಿಟಾರಿನದು ಬೇರೆ, ಬೇಸಿನದು ಬೇರೆ ಎನ್ನುತ್ತಾರೆ. ಇಬ್ಬರೂ ಒಟ್ಟಿಗೆ ಚುಚ್ಚಬಹುದೇ? — ವಿರಾಜಪೇಟೆ

ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಝೂಮ್ ಕಂಪನಿ 2019ರಲ್ಲಿ ಹೆಚ್ಚುಕಡಿಮೆ ಒಂದೇ ಮೈಕಟ್ಟಿನಲ್ಲಿ ಗಿಟಾರಿಗೆ ಜಿ1 ಫೋರ್, ಬೇಸಿಗೆ ಬಿ1 ಫೋರ್ ಎಂದು ಎರಡು ಮಾಡಿತು. ಬಾಸ್ ಕಂಪನಿಯ ಜಿಟಿ-1ಕ್ಕೂ ಜಿಟಿ-1ಬಿ ಎಂಬ ಬೇಸ್ ಜೋಡಿಯಿದೆ. ಆದರೆ ಮನೆಯ ಅಭ್ಯಾಸಕ್ಕೆ ಎರಡು ಕೊಳ್ಳಬೇಕಾಗಿಲ್ಲ. ಗಿಟಾರಿನ ಪೆಟ್ಟಿಗೆಗೆ ಬೇಸ್ ಚುಚ್ಚಿದರೆ ಏನೂ ಸುಡುವುದಿಲ್ಲ, ನಾದ ಮಾತ್ರ ತೆಳ್ಳಗಾಗುತ್ತದೆ.

ತೆಳ್ಳಗಾಗುವುದಕ್ಕೆ ಕಾರಣ ಪೆಟ್ಟಿಗೆ ತನ್ನೊಳಗೇ ಮಾಡುವ ಆಂಪ್ (ಆಂಪ್ಲಿಫೈಯರ್) ಮತ್ತು ಸ್ಪೀಕರ್ ಕ್ಯಾಬಿನೆಟ್‌ಗಳ ನಕಲು. ಗಿಟಾರಿನ ದಪ್ಪ ಇ ತಂತಿಯನ್ನು ಖಾಲಿ ಮೀಟಿದರೆ 82.4 ಹರ್ಟ್ಸ್. ಬೇಸಿನ ದಪ್ಪ ಇ ಅದರ ಅರ್ಧ, 41.2. ಐದು ತಂತಿಯ ಬೇಸಾದರೆ ಬಿ ತಂತಿ 30.9ಕ್ಕೆ ಇಳಿಯುತ್ತದೆ. ಗಿಟಾರ್ ಕ್ಯಾಬಿನೆಟ್ಟಿನ ನಕಲು 80 ಹರ್ಟ್ಸ್‌ಗಿಂತ ಕೆಳಗಿನದನ್ನು ಬೇಗನೆ ಇಳಿಸಿಬಿಡುತ್ತದೆ. ಬೇಸಿನ ತಳ ಇರುವುದೇ ಅಲ್ಲಿ.

ಹಾಗಾಗಿ ತಮ್ಮನಿಗೆ ಒಂದು ಖಾಲಿ ಪ್ಯಾಚ್ (ಉಳಿಸಿಟ್ಟುಕೊಳ್ಳುವ ಎಫೆಕ್ಟ್‌ಗಳ ಜೋಡಣೆ) ತೆರೆದು ಹೀಗೆ ಕಟ್ಟಿಕೊಡಿ. ಆಂಪ್, ಕ್ಯಾಬಿನೆಟ್ ಎರಡನ್ನೂ ಆಫ್ ಮಾಡಿ. ಮೊದಲಿಗೆ ಜೋರು ಸ್ವರವನ್ನು ತಗ್ಗಿಸಿ ಸಮ ಮಾಡುವ ಕಂಪ್ರೆಸರ್: ರೇಶಿಯೋ (ತಗ್ಗಿಸುವ ಪ್ರಮಾಣ) 4:1, ಅಟ್ಯಾಕ್ (ತಗ್ಗಿಸಲು ತೊಡಗುವ ಹೊತ್ತು) 20ರಿಂದ 40 ಮಿಲಿಸೆಕೆಂಡ್. ಅಟ್ಯಾಕ್ ಇದಕ್ಕಿಂತ ಚುರುಕಾದರೆ ಬೆರಳಿನ ಏಟೇ ಸತ್ತುಹೋಗುತ್ತದೆ. ನಿಮ್ಮ ಪೆಟ್ಟಿಗೆಯ ಕಂಪ್ರೆಸರಿನಲ್ಲಿ ಅಂಕಿಗಳಿಲ್ಲದೆ ಒಂದೇ ಸೆನ್ಸ್ ನಾಬ್ ಇದ್ದರೆ, ಜೋರಾಗಿ ಮೀಟಿದ ಸ್ವರ ಸ್ವಲ್ಪ ತಗ್ಗಿದಂತೆ ಕೇಳುವವರೆಗೆ ಏರಿಸಿ ನಿಲ್ಲಿಸಿ. ಆಮೇಲೆ ಈಕ್ವಲೈಸರ್: 250 ಹರ್ಟ್ಸ್ ಆಸುಪಾಸು 2–3 ಡೆಸಿಬೆಲ್ ಇಳಿಸಿ, 800ರ ಬಳಿ 2–3 ಏರಿಸಿ. ಕೆಳಗಿನದನ್ನು ಏರಿಸುವ ಆಸೆ ಎಲ್ಲರಿಗೂ ಬರುತ್ತದೆ. ಅಗ್ಗದ ಇಯರ್‌ಫೋನ್ 41 ಹರ್ಟ್ಸ್ ಅನ್ನು ಸರಿಯಾಗಿ ಕೇಳಿಸುವುದೇ ಇಲ್ಲ, ಏರಿಸಿದಷ್ಟೂ ಬಿರಿಯುತ್ತದೆ. ಕಿವಿ ಕೆಳಸ್ವರವನ್ನು ಗುರುತಿಸುವುದು ಅದರ ಮೇಲಿನ ಹಾರ್ಮೋನಿಕ್‌ಗಳಿಂದ. 800ರ ಬಳಿ ಏರಿಸಿ ಎಂದದ್ದು ಅದಕ್ಕೇ.

ಡಿಸ್ಟಾರ್ಶನ್ ಬೇಕೆಂದರೆ ಮಿಕ್ಸ್ ಅಥವಾ ಬ್ಲೆಂಡ್ ಎಂಬ ಆಯ್ಕೆಯಿರುವುದನ್ನೇ ಆರಿಸಿ, ಅರ್ಧದಷ್ಟು ಶುದ್ಧ ಸ್ವರ ಉಳಿಸಿಕೊಳ್ಳಿ. ಇಲ್ಲದಿದ್ದರೆ ಗೊರಗೊರ ಮಾತ್ರ ಉಳಿದು ತಳ ಮಾಯವಾಗುತ್ತದೆ. ತಮ್ಮನ ಬೇಸ್ ಆಕ್ಟಿವ್ ಆಗಿದ್ದು ಒಳಗೆ 9 ವೋಲ್ಟ್ ಬ್ಯಾಟರಿ ಇದ್ದರೆ, ನುಡಿಸಿ ಮುಗಿದ ಮೇಲೆ ಕೇಬಲ್ ಕಿತ್ತಿಡಲು ಹೇಳಿ. ಅದರ ಸ್ವಿಚ್ ಇರುವುದೇ ಜ್ಯಾಕಿನಲ್ಲಿ. ಪಿನ್ ಒಳಗಿರುವಷ್ಟು ಹೊತ್ತೂ ಬ್ಯಾಟರಿ ಕರಗುತ್ತಲೇ ಇರುತ್ತದೆ.

ಒಟ್ಟಿಗೆ ಚುಚ್ಚುವುದು ಮಾತ್ರ ಬೇಡ. ವೈ ಕೇಬಲ್ ಹಾಕಿ ಎರಡನ್ನೂ ಒಂದೇ ಜ್ಯಾಕಿಗೆ ಸೇರಿಸಿದರೆ ಪಿಕಪ್‌ಗಳು (ತಂತಿಯ ಕಂಪನ ಹಿಡಿಯುವ ಕಾಂತದ ಸುರುಳಿಗಳು) ಒಂದನ್ನೊಂದು ಎಳೆಯುತ್ತವೆ. ಒಬ್ಬರು ವಾಲ್ಯೂಮ್ ಸೊನ್ನೆಗೆ ತಂದರೆ ಇನ್ನೊಬ್ಬರದೂ ಅಡಗಬಹುದು. ಆಕ್ಸ್ ಜ್ಯಾಕಿಗೆ ಚುಚ್ಚಿ ನೋಡೋಣ ಎನ್ನಿಸಬಹುದು, ಆದರೆ ಅದು ಫೋನಿನಂಥ ಲೈನ್ ಮಟ್ಟದ ಶಬ್ದಕ್ಕೆ ಮಾಡಿದ್ದು, ಗಿಟಾರ್ ಅಲ್ಲಿ ಕ್ಷೀಣವಾಗಿ, ಮಂಕಾಗಿ ಕೇಳುತ್ತದೆ. ತಮ್ಮ ಬೇಸನ್ನು ಲೂಪರಿನಲ್ಲಿ (ನುಡಿಸಿದ್ದನ್ನು ಹಿಡಿದು ಸುತ್ತಿ ಸುತ್ತಿ ಕೇಳಿಸುವ ಸವಲತ್ತು) ತುಂಬಿಕೊಡಲಿ, ನೀವು ಅದರ ಮೇಲೆ ನುಡಿಸಿ.

ಪ್ರಶ್ನೆ: ಲೂಪರ್ 30 ಸೆಕೆಂಡ್ ಎಂದು ಬರೆದಿದೆ. ಅದರಲ್ಲಿ ಏನು ಹಿಡಿಯುತ್ತದೆ? ನಾನು ತುಂಬಿದ ಲೂಪ್ ಎರಡು ಸುತ್ತು ಬರುವಷ್ಟರಲ್ಲಿ ತಾಳ ತಪ್ಪುತ್ತದೆ. — ನಾಪೋಕ್ಲು

ನಾಲ್ಕು ಬೀಟಿನ ಒಂದು ಬಾರ್ (ತಾಳದ ಒಂದು ಆವರ್ತ) 80 ಬಿಪಿಎಂ, ಅಂದರೆ ನಿಮಿಷಕ್ಕೆ 80 ಬೀಟ್ ವೇಗದಲ್ಲಿ 3 ಸೆಕೆಂಡ್. ಅಂದರೆ 30 ಸೆಕೆಂಡಿಗೆ 10 ಬಾರ್. 120ರಲ್ಲಿ 15 ಬಾರ್. ಎಂಟು ಬಾರಿನ ಕಾರ್ಡ್ ಸುತ್ತು ಸಲೀಸಾಗಿ ಹಿಡಿಯುತ್ತದೆ, 12 ಬಾರಿನ ಬ್ಲೂಸ್ ಆದರೆ ವೇಗ 96ಕ್ಕಿಂತ ಕಡಿಮೆಯಿರಬಾರದು.

ತಾಳ ತಪ್ಪುವುದು ಲೂಪ್ ಮುಚ್ಚುವ ಗಳಿಗೆಯಲ್ಲಿ. ಕೊನೆಯ ಬೀಟ್ ಮುಗಿಯಿತು ಎಂದು ಪೆಡಲ್ ಒತ್ತುವುದಲ್ಲ; ಮುಂದಿನ ಸುತ್ತಿನ ‘ಒಂದು’ ಬೀಳುವಾಗಲೇ ಒತ್ತಬೇಕು. ಕಾಲು ಹಿಡಿತಕ್ಕೆ ಬರುವವರೆಗೆ ಪೆಟ್ಟಿಗೆಯೊಳಗಿನ ಡ್ರಮ್ ಹಚ್ಚಿಕೊಂಡು ತುಂಬಿ. ಹಲವು ಪೆಟ್ಟಿಗೆಗಳಲ್ಲಿ ರಿದಮ್ ನಡೆಯುತ್ತಿದ್ದಾಗ ಲೂಪಿನ ಉದ್ದ ಬೀಟಿಗೆ ತಾನಾಗಿ ಹೊಂದಿಕೊಳ್ಳುತ್ತದೆ. ಡಿಲೇ (ಮರುದನಿಯ ಎಫೆಕ್ಟ್) ಬಳಸುತ್ತೀರಾದರೆ ಅದನ್ನೂ ವೇಗಕ್ಕೆ ಕಟ್ಟಿ: 60,000ವನ್ನು ಬಿಪಿಎಂನಿಂದ ಭಾಗಿಸಿದರೆ ಒಂದು ಬೀಟಿನ ಮಿಲಿಸೆಕೆಂಡ್ ಬರುತ್ತದೆ. 120ಕ್ಕೆ 500, ಅದರ ಮುಕ್ಕಾಲು 375.

ಪ್ರಶ್ನೆ: ಅಡಾಪ್ಟರ್ ಹಾಕಿದರೆ ಗುಂಯ್ ಎನ್ನುತ್ತದೆ. ಕರೆಂಟು ಹೋಗಿ ಯುಪಿಎಸ್ ಬಂದಾಗ ಇನ್ನೂ ಜೋರು. ಮನೆಯಲ್ಲಿರುವ ರೌಟರ್ ಅಡಾಪ್ಟರನ್ನೇ ಹಾಕಬಹುದೇ? — ಸೋಮವಾರಪೇಟೆ

ಕೊನೆಯ ಮಾತಿಗೆ ಮೊದಲು: ಹಾಕಬೇಡಿ. ಇಂಥ ಪೆಟ್ಟಿಗೆಗಳಲ್ಲಿ ಹೆಚ್ಚಿನವು 9 ವೋಲ್ಟ್, ನಡುವಿನ ತುದಿ ಮೈನಸ್. ರೌಟರಿನದು ಸಾಮಾನ್ಯವಾಗಿ ನಡುವೆ ಪ್ಲಸ್, ಬಹಳಷ್ಟು ಸಲ 12 ವೋಲ್ಟ್ ಕೂಡ. ಪಿನ್ ಸರಿಯಾಗಿ ಕೂರುತ್ತದೆಂಬುದೇ ಅಪಾಯ. ಅಡಾಪ್ಟರಿನ ಮೇಲಿನ ಚಿತ್ರ ಅಳಿಸಿಹೋಗಿದ್ದರೆ ಮಲ್ಟಿಮೀಟರಿನ ಕೆಂಪು ಕಡ್ಡಿಯನ್ನು ಪಿನ್ನಿನ ಒಳತೂತಿಗೆ, ಕಪ್ಪನ್ನು ಹೊರಮೈಗೆ ಹಿಡಿಯಿರಿ. ಮೈನಸ್ 9ರ ಹತ್ತಿರ ತೋರಿಸಿದರೆ ನಿಮಗೆ ಬೇಕಾದದ್ದು ಅದು. ಮಿಲಿಆಂಪ್ ಹೆಚ್ಚಿದ್ದರೆ ತೊಂದರೆಯಿಲ್ಲ, ಪೆಟ್ಟಿಗೆ ಕೇಳುವುದಕ್ಕಿಂತ ಕಡಿಮೆಯಿರಬಾರದು. ಜಿ1 ಫೋರ್‌ಗೆ 500 ಮಿಲಿಆಂಪಿನದು ಹೇಳಿದ್ದಾರೆ.

ಈಗ ಗುಂಯ್‌ಗುಟ್ಟುವುದು ಎಲ್ಲಿಂದ ಎಂದು ಹುಡುಕಿ. ಗಿಟಾರಿನ ವಾಲ್ಯೂಮ್ ಸೊನ್ನೆಗೆ ಇಳಿಸಿ. ಶಬ್ದ ನಿಂತರೆ ಅದು ಗಿಟಾರಿನೊಳಗೆ ಬರುತ್ತಿದೆ: ಸಿಂಗಲ್ ಕಾಯಿಲ್ ಪಿಕಪ್ ಹತ್ತಿರದ ಟ್ರಾನ್ಸ್‌ಫಾರ್ಮರ್, ಅಗ್ಗದ ಎಲ್‌ಇಡಿ ಬಲ್ಬ್, ಯುಪಿಎಸ್, ಇವೆಲ್ಲವನ್ನೂ ಹಿಡಿಯುತ್ತದೆ. ಕುಳಿತ ದಿಕ್ಕು ಬದಲಿಸಿ ನೋಡಿ, ಕಾಲು ಸುತ್ತು ತಿರುಗಿದರೆ ಅರ್ಧ ಇಳಿಯುವುದುಂಟು. ವಾಲ್ಯೂಮ್ ಸೊನ್ನೆಯಾದರೂ ಶಬ್ದ ನಿಲ್ಲದಿದ್ದರೆ ಅಡಾಪ್ಟರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಆಗ ನಿಂತರೆ ತಪ್ಪು ಅಡಾಪ್ಟರಿನದು ಇಲ್ಲವೇ ಮನೆಯ ಲೈನಿನದು. ಬ್ಯಾಟರಿಯಲ್ಲೂ ಇದ್ದರೆ ಕೇಬಲ್ ಅಥವಾ ಜ್ಯಾಕ್ ನೋಡಿ. ಇದರ ಜೊತೆಗೆ ಒಂದು ಗುರುತು: ತಂತಿ ಮುಟ್ಟಿದಾಗ ಶಬ್ದ ತಗ್ಗಿದರೆ ಗಾಬರಿ ಬೇಡ, ಗಿಟಾರಿನ ವೈರಿಂಗ್ ಸಾಮಾನ್ಯವಾಗಿ ಹಾಗೇ ಇರುತ್ತದೆ. ಮುಟ್ಟಿದಾಗ ಹೆಚ್ಚಿದರೆ ಗಿಟಾರಿನೊಳಗಿನ ಗ್ರೌಂಡ್ ವೈರ್ ಬೆಸುಗೆ ಬಿಟ್ಟಿರಬಹುದು.

ಯುಪಿಎಸ್‌ನಲ್ಲಿ ಜೋರಾಗುವುದು ಅದರ ಅಲೆಯಿಂದ. ಸ್ಕ್ವೇರ್ ವೇವ್ ಯುಪಿಎಸ್ ಕೊಡುವ ಕರೆಂಟಿನಲ್ಲಿ ಮೂಲ 50 ಹರ್ಟ್ಸ್ ಜೊತೆಗೆ ಅದರ ಬೆಸಗುಣಕಗಳು, 150, 250, 350 ಹೀಗೆ, ಸಾಲಾಗಿ ಬರುತ್ತವೆ. ಕಿವಿಗೆ ಜೀರುಂಡೆ ಹೊಕ್ಕಂತೆ ಕೇಳುವುದು ಅದೇ. ಸೈನ್ ವೇವ್ ಯುಪಿಎಸ್‌ನಲ್ಲಿ ಈ ಕಾಟ ಬಹಳ ಕಡಿಮೆ. ಆದರೆ ಇದಕ್ಕೋಸ್ಕರ ಯುಪಿಎಸ್ ಬದಲಿಸುವುದು ಹಣ ಹಾಳು. ಮಳೆಗಾಲದ ಸಂಜೆಗೆ ಬ್ಯಾಟರಿ ಸಾಕು. ಕಂಪನಿಯ ಲೆಕ್ಕದಂತೆ ನಾಲ್ಕು ಎಎ ಆಲ್ಕಲೈನ್ ಸೆಲ್ಲಿನಲ್ಲಿ ಜಿ1 ಫೋರ್ ಸುಮಾರು 18 ಗಂಟೆ, ಜಿಟಿ-1 ಸುಮಾರು 7 ಗಂಟೆ ನಡೆಯುತ್ತವೆ. ದಿನಾ ನುಡಿಸುವವರು ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್ ಎಂಟು ಕೊಂಡು, ನಾಲ್ಕು ಚಾರ್ಜಿಗೆ ಹಾಕಿ ನಾಲ್ಕರಲ್ಲಿ ನುಡಿಸಲಿ. ಅವು ಒಂದಕ್ಕೆ 1.2 ವೋಲ್ಟ್, ಆಲ್ಕಲೈನ್ 1.5. ಆದ್ದರಿಂದ ಸೆಟ್ಟಿಂಗಿನಲ್ಲಿ ಬ್ಯಾಟರಿ ಬಗೆ ಎಂಬುದಿದ್ದರೆ ಬದಲಿಸಿ, ಇಲ್ಲವಾದರೆ ಉಳಿದ ಚಾರ್ಜನ್ನು ತಪ್ಪಾಗಿ ತೋರಿಸುತ್ತದೆ. ಯುಎಸ್‌ಬಿಯಿಂದ ನಡೆಯುವ ಪೆಟ್ಟಿಗೆಯಾದರೆ ಪವರ್ ಬ್ಯಾಂಕ್ ಒಳ್ಳೆಯ ದಾರಿ, ಗೋಡೆಯ ಲೈನಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಯುಎಸ್‌ಬಿ ಜ್ಯಾಕ್ ಇರುವ ಎಲ್ಲವೂ ಅದರಿಂದ ನಡೆಯುವುದಿಲ್ಲ, ಕೈಪಿಡಿ ನೋಡಿ.

ಗುಂಯ್ ನಿಲ್ಲಲೆಂದು ಆಂಪಿನ ಮೂರು ಪಿನ್ನಿನ ಪ್ಲಗ್‌ನಿಂದ ಅರ್ತ್ ಪಿನ್ ಕಿತ್ತುಹಾಕುವವರಿದ್ದಾರೆ. ಅದು ಪ್ರಾಣಕ್ಕೆ ಸಂಚಕಾರ. ಏಪ್ರಿಲ್, ಮೇ ತಿಂಗಳ ಗುಡುಗು-ಸಿಡಿಲಿನಲ್ಲಿ ಅಡಾಪ್ಟರನ್ನು ಸಾಕೆಟ್ಟಿನಿಂದ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು.

ಪ್ರಶ್ನೆ: ಹೆಡ್‌ಫೋನಿನಲ್ಲಿ ಅಷ್ಟು ಚೆನ್ನಾಗಿ ಕೇಳುವ ಪ್ಯಾಚ್ ಆಂಪಿಗೆ ಚುಚ್ಚಿದಾಗ ಕಂಬಳಿ ಹೊದ್ದಂತೆ ಮಂಕಾಗುತ್ತದೆ. ಪೆಟ್ಟಿಗೆ ಕೆಟ್ಟಿದೆಯೇ? — ಮಡಿಕೇರಿ

ಕೆಟ್ಟಿಲ್ಲ. ಪೆಟ್ಟಿಗೆಯೊಳಗೆ ಒಂದು ಆಂಪ್ ಮತ್ತು ಕ್ಯಾಬಿನೆಟ್ಟಿನ ನಕಲಿದೆ, ಹೊರಗೆ ನಿಜವಾದದ್ದಿದೆ. ಎರಡು ಸೋಸು ಬಿದ್ದು ಮೇಲಿನ ಹೊಳಪೆಲ್ಲ ಹೋಗುತ್ತದೆ. ಹೆಡ್‌ಫೋನ್, ಮಿಕ್ಸರ್, ಚರ್ಚಿನ ಇಲ್ಲವೇ ಹಾಲಿನ ಸ್ಪೀಕರ್ ಸಿಸ್ಟಂ, ಇವಕ್ಕೆ ಹೋಗುವಾಗ ಕ್ಯಾಬಿನೆಟ್ ಆನ್. ಗಿಟಾರ್ ಆಂಪಿನ ಮುಂದಿನ ಜ್ಯಾಕಿಗಾದರೆ ಆಂಪ್, ಕ್ಯಾಬಿನೆಟ್ ಎರಡೂ ಆಫ್. ಆಂಪಿನ ಹಿಂದೆ ಎಫೆಕ್ಟ್ಸ್ ರಿಟರ್ನ್ ಜ್ಯಾಕಿದ್ದರೆ ಅದಕ್ಕೆ ಚುಚ್ಚಿ, ನಕಲು ಆಂಪ್ ಉಳಿಸಿಕೊಂಡು ಕ್ಯಾಬಿನೆಟ್ ಮಾತ್ರ ಆರಿಸಿ. ಮೂರರಲ್ಲಿ ನಮಗೆ ಹಿಡಿಸಿದ್ದು ಇದು. ಕೆಲವು ಪೆಟ್ಟಿಗೆಗಳಲ್ಲಿ ಔಟ್‌ಪುಟ್ ಬಗೆ ಎಂಬ ಒಂದೇ ಸೆಟ್ಟಿಂಗ್ ಇದನ್ನೆಲ್ಲ ಮಾಡುತ್ತದೆ. ಅದು ಎಲ್ಲ ಪ್ಯಾಚಿಗೂ ಅನ್ವಯಿಸುವಂಥದ್ದು, ಮನೆಗೆ ಬಂದ ಮೇಲೆ ವಾಪಸ್ ಬದಲಿಸಲು ಮರೆಯಬೇಡಿ.

ಕಾರ್ಖಾನೆಯಿಂದ ಬಂದ ಪ್ಯಾಚ್‌ಗಳ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಬೆರಗಾಗಿಸಲು ಮಾಡಿದವು ಅವು: ರಿವರ್ಬ್ (ದೊಡ್ಡ ಕೋಣೆಯ ಗುಂಗು), ಡಿಲೇ, ಗೇನ್ (ಸ್ವರ ಒರಟಾಗಿ ಒಡೆಯುವ ಮಟ್ಟ) ಎಲ್ಲವೂ ಅತಿ. ಅಷ್ಟು ರಿವರ್ಬಿನಲ್ಲಿ ತಪ್ಪು ಬೆರಳು ಕೇಳುವುದೇ ಇಲ್ಲ. ಅಭ್ಯಾಸಕ್ಕೆ ಎರಡು ಪ್ಯಾಚ್ ಸಾಕು, ಒಂದು ರಿವರ್ಬ್, ಡಿಲೇ ಇಲ್ಲದ ಕ್ಲೀನ್, ಇನ್ನೊಂದು ಮಧ್ಯಮ ಗೇನ್. ಗೇನ್ ಪ್ಯಾಚಿನಲ್ಲಿ ನಾಯ್ಸ್ ಗೇಟ್ (ನುಡಿಸದಿದ್ದಾಗ ಸದ್ದು ಮುಚ್ಚುವ ಎಫೆಕ್ಟ್) ಸೇರಿಸುವಾಗ ತಂತಿ ಮುಟ್ಟದೆ ಕೂತು, ಮೊರೆಯುವುದು ನಿಲ್ಲುವವರೆಗೆ ಮಾತ್ರ ಏರಿಸಿ. ಮೇಲೇರಿದರೆ ಎಳೆದ ಸ್ವರದ ಬಾಲ ಕತ್ತರಿಸಿಹೋಗುತ್ತದೆ.

ಪ್ರಶ್ನೆ: ಮಗ ರಾತ್ರಿ ಇಯರ್‌ಫೋನ್ ಹಾಕಿ ಎರಡು ಗಂಟೆ ನುಡಿಸುತ್ತಾನೆ. ಕಿವಿಗೆ ತೊಂದರೆಯೇ? — ಕುಶಾಲನಗರ

ನಿಮ್ಮ ಭಯ ಸುಳ್ಳಲ್ಲ. ಅಮೆರಿಕದ ವೃತ್ತಿ ಸುರಕ್ಷತಾ ಸಂಸ್ಥೆ ನಯೋಷ್ ಹೇಳುವ ಮಿತಿ 85 ಡೆಸಿಬೆಲ್‌ನಲ್ಲಿ 8 ಗಂಟೆ. 3 ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧ. ಹಾಗಾಗಿ 94ಕ್ಕೆ 1 ಗಂಟೆಯಷ್ಟೇ. ಅವನು ಇಯರ್‌ಫೋನ್ ಹಾಕಿಕೊಂಡಾಗ ಪಕ್ಕದಲ್ಲಿ ಕೂತು ಮಾಮೂಲಿ ದನಿಯಲ್ಲಿ ಮಾತಾಡಿಸಿ. ಪೂರಾ ಕೇಳದಿದ್ದರೆ ವಾಲ್ಯೂಮ್ ಹೆಚ್ಚಾಯಿತು. ಅದಕ್ಕಿಂತ ಅಪಾಯ ಪ್ಯಾಚ್ ಬದಲಿಸಿದಾಗಿನ ನೆಗೆತ. ಎಲ್ಲ ಪ್ಯಾಚ್‌ಗಳ ಲೆವೆಲ್ ಒಂದೇ ಸಮಕ್ಕೆ ತರಲು ಹೇಳಿ, ಪಿನ್ ಚುಚ್ಚುವಾಗ ಮಾಸ್ಟರ್ ಸೊನ್ನೆಯಲ್ಲಿರಲಿ.

ಪ್ರಶ್ನೆ: ಪುತ್ತರಿ ಕಾರ್ಯಕ್ರಮಕ್ಕೆ ವಾಲಗದ ಧಾಟಿಯನ್ನು ಗಿಟಾರಿನಲ್ಲಿ ಕೂರಿಸುತ್ತಿದ್ದೇನೆ. ಫೋನಿನಲ್ಲಿರುವ ರೆಕಾರ್ಡಿಂಗಿಗೆ ಶ್ರುತಿಯೇ ಸೇರುವುದಿಲ್ಲ. ಬ್ಲೂಟೂತ್ ಹೆಡ್‌ಫೋನ್ ಹಾಕಿದರೆ ಕೈ ಹಿಂದೆ ಬೀಳುತ್ತದೆ. — ಪೊನ್ನಂಪೇಟೆ

ಎರಡನೆಯದು ಸುಲಭ. ಬ್ಲೂಟೂತ್ ಹೆಡ್‌ಫೋನಿಗೆ ಶಬ್ದ ತಲುಪಲು ಸಾಮಾನ್ಯವಾಗಿ 150ರಿಂದ 250 ಮಿಲಿಸೆಕೆಂಡ್ ಬೇಕು. 120 ಬಿಪಿಎಂನಲ್ಲಿ ಬೀಟಿನ ಕಾಲುಭಾಗವೇ 125. ನಿಮ್ಮ ಕೈ ಸರಿಯಾಗಿದೆ, ಕೇಳುವುದು ತಡ. ನೀವು ನುಡಿಸಿದ್ದನ್ನು ಕೇಳಲು ವೈರಿನ ಹೆಡ್‌ಫೋನೇ ಬೇಕು. ಆದರೆ ಪೆಟ್ಟಿಗೆಯಲ್ಲಿ ಬ್ಲೂಟೂತ್ ರಿಸೀವರ್ ಇದ್ದು ಫೋನಿನ ಹಾಡು ಅದರಿಂದ ಬರುವುದಾದರೆ ಅಡ್ಡಿಯಿಲ್ಲ: ಹಾಡು ತಡವಾಗಿ ಬಂದರೂ ನೀವು ಕೇಳಿದ್ದಕ್ಕೆ ತಾನೇ ನುಡಿಸುವುದು? ಇಲ್ಲವಾದರೆ ಫೋನಿನಿಂದ ಆಕ್ಸ್ ಜ್ಯಾಕಿಗೆ 3.5 ಮಿಲಿಮೀಟರ್ ಸ್ಟೀರಿಯೋ ಕೇಬಲ್ ಹಾಕಿ. ಹಾಡಿನ ಜೋರು ಫೋನಿನಲ್ಲೇ ಹೊಂದಿಸಿಕೊಳ್ಳಿ, ಆಕ್ಸ್ ಶಬ್ದಕ್ಕೆ ಎಫೆಕ್ಟ್ ತಾಗುವುದಿಲ್ಲ. ಜಿ1 ಫೋರ್‌ನಂಥವುಗಳಲ್ಲಿ ಹೆಡ್‌ಫೋನ್ ಜ್ಯಾಕ್ ದೊಡ್ಡದು, 6.35 ಮಿಲಿಮೀಟರಿನದು. ಪರಿವರ್ತಕ ಪಿನ್ ಕೊಳ್ಳುವಾಗ ಎರಡು ಕಪ್ಪು ಉಂಗುರವಿರುವ ಸ್ಟೀರಿಯೋ ಪಿನ್ನನ್ನೇ ಕೇಳಿ, ಒಂದು ಉಂಗುರದ್ದಾದರೆ ಒಂದೇ ಕಿವಿಗೆ ಕೇಳುತ್ತದೆ.

ಶ್ರುತಿಯ ವಿಷಯ. ವಾಲಗದ ಊದುವ ವಾದ್ಯ ಟ್ಯೂನರಿನ ಆಧಾರವಾದ 440 ಹರ್ಟ್ಸ್‌ಗೆ ಸರಿಯಾಗಿ ಇರಬೇಕೆಂದಿಲ್ಲ, ಹಳೆಯ ಕ್ಯಾಸೆಟ್ಟಿನಿಂದ ಇಳಿಸಿದ್ದಾದರೆ ವೇಗವೂ ಹೆಚ್ಚುಕಡಿಮೆ. ಮೊದಲು ಎಷ್ಟು ದೂರವಿದೆ ನೋಡಿ. ಎಳೆದು ನಿಲ್ಲಿಸಿದ ಒಂದು ಸ್ವರ ಕೇಳುತ್ತ, ಗಿಟಾರಿನ ಒಂದು ತಂತಿಯನ್ನು ಅದಕ್ಕೆ ಸೇರಿಸಿ, ಆಮೇಲೆ ಟ್ಯೂನರಿನಲ್ಲಿ ಓದಿ. ವ್ಯತ್ಯಾಸ 10 ಸೆಂಟ್ (ಗಿಟಾರಿನ ಒಂದು ಫ್ರೆಟ್ಟಿನ ಅಂತರ 100 ಸೆಂಟ್) ಒಳಗಿದ್ದರೆ ಟ್ಯೂನರಿನ ಆಧಾರವನ್ನೇ ಬದಲಿಸಬಹುದು; 440 ಇದ್ದದ್ದು 10 ಸೆಂಟ್ ಏರಿದರೆ ಸುಮಾರು 442.5. ಆದರೆ 50 ಸೆಂಟ್, ಅಂದರೆ ಅರ್ಧ ಫ್ರೆಟ್, ಏರಿದ್ದರೆ 453ರ ಹತ್ತಿರ ಹೋಗುತ್ತದೆ, 435ರಿಂದ 445ರವರೆಗಷ್ಟೇ ಹೊಂದಿಸಲು ಬರುವ ಟ್ಯೂನರಿಗೆ ಎಟುಕದು. ಆಗ ರೆಕಾರ್ಡಿಂಗನ್ನೇ ಫೋನಿನ ಪಿಚ್ ಬದಲಿಸುವ ಆ್ಯಪಿನಲ್ಲಿ 50 ಸೆಂಟ್ ಇಳಿಸಿ. ಗಿಟಾರಿನ ಕಡೆ ಪಿಚ್ ಶಿಫ್ಟರ್ ಹಾಕಬೇಡಿ. ಚಿಕ್ಕ ಪೆಟ್ಟಿಗೆಗಳಲ್ಲಿ ಅದು ತಡವಾಗುತ್ತದೆ, ಕಾರ್ಡ್ ಹಿಡಿದರೆ ನಡುಗುತ್ತದೆ. ಕಾರ್ಯಕ್ರಮದಲ್ಲಿ ವಾಲಗದವರೇ ಜೊತೆಗಿರುವುದಾದರೆ ಅವರ ಶ್ರುತಿಗೆ ತಂತಿ ಕಟ್ಟಿಕೊಳ್ಳುವುದೊಂದೇ ದಾರಿ.

ಪ್ರಶ್ನೆ: ಜುಲೈ, ಆಗಸ್ಟಿನ ಥಂಡಿಯಲ್ಲಿ ಪೆಟ್ಟಿಗೆಗೆ ಬೂಷ್ಟು ಬರುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಇಡಬಹುದೇ? — ಭಾಗಮಂಡಲ

ಬೇಡ. ಹೊಗೆಯ ಜಿಡ್ಡು ನಾಬ್, ಜ್ಯಾಕ್‌ಗಳ ಒಳಗೆ ಕೂರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ 100 ಗ್ರಾಂನಷ್ಟು ಬಣ್ಣ ಬದಲಿಸುವ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ತಿರುಗಿದಾಗ ಜೆಲ್ಲನ್ನು 110–120 ಡಿಗ್ರಿ ಓವನಿನಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಗಿಟಾರನ್ನು ಆ ಡಬ್ಬಿಯಷ್ಟು ಒಣಗಿಸಬೇಡಿ, ಮರಕ್ಕೆ ಶೇ 45ರಿಂದ 55ರ ತೇವ ಬೇಕು.

ವಾರಗಟ್ಟಲೆ ಮುಟ್ಟುವುದಿಲ್ಲವೆಂದರೆ ಸೆಲ್‌ಗಳನ್ನು ತೆಗೆದಿಡಿ. ಈಗಾಗಲೇ ಸೋರಿ ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಅದು ಆಲ್ಕಲೈನ್ ಸೆಲ್ಲಿನ ಕ್ಷಾರ, ಬರಿಗೈಯಲ್ಲಿ ಮುಟ್ಟಬೇಡಿ. ಹತ್ತಿ ಕಡ್ಡಿಗೆ ವಿನಿಗರ್ ಅಥವಾ ನಿಂಬೆರಸ ಒಂದು ಹನಿ ತಾಗಿಸಿ ಒರೆಸಿ, ಬಳಿಕ ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಇನ್ನೊಮ್ಮೆ. ಪೂರ್ತಿ ಆರಿದ ಮೇಲೆ, ಅಂದರೆ ಮಳೆಗಾಲದಲ್ಲಿ ಒಂದು ದಿನ ಬಿಟ್ಟು, ಹೊಸ ಸೆಲ್ ಹಾಕಿ.