ಬಿಚ್ಚುವುದು ಕೆಳಗೆ, ಉಳಿದದ್ದು ಮೇಲೆ

ಅಪಾರ್ಟ್‌ಮೆಂಟ್‌ನಲ್ಲಿದ್ದುಕೊಂಡು ಬೈಕಿನ ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಕ್ಲೀನ್ ಮಾಡಲು ಜಾಗ ಎಲ್ಲಿ ಅಂತ ಕೇಳಿದ್ದೀರಿ. ಅದಕ್ಕೆ ಗ್ಯಾರೇಜೇ ಬೇಕು ಅಂತ ಇಲ್ಲ. ಬೈಕ್ ಹತ್ತಿರ ಆಗಬೇಕಾದದ್ದು ಬಿಚ್ಚುವುದು, ಜೋಡಿಸುವುದು ಅಷ್ಟೇ ಅಲ್ವಾ? ಉಳಿದದ್ದಕ್ಕೆ ಬಾಲ್ಕನಿಯಲ್ಲಿ ಒಂದು ಸಣ್ಣ ಮೇಜು ಸಾಕು.

ಪೆಟ್ರೋಲ್ ವಿಷಯದಲ್ಲಿ ಮಾತ್ರ ತುಂಬಾ ಹುಷಾರು. ಅದರ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡುತ್ತದೆ. ಬೇಸ್‌ಮೆಂಟಿನಲ್ಲಿ ಒಂದು ಕಿಡಿ ಸಾಕು. ಹಾಗಾಗಿ ಬೈಕನ್ನು ಬಯಲಿಗೆ ತಳ್ಳಿಕೊಂಡು ಹೋಗಿ. ಇಂಜಿನ್ ಪೂರ್ತಿ ತಣ್ಣಗಾಗಲಿ. ಪೆಟ್ರೋಲ್ ಟ್ಯಾಪ್ ಮುಚ್ಚಿ, ಕಾರ್ಬ್ಯುರೇಟರ್ ತಳದ ಡ್ರೇನ್ ಸ್ಕ್ರೂ ಸಡಿಲಿಸಿ, ಒಳಗೆ ಉಳಿದದ್ದನ್ನು ಪೆಟ್ರೋಲ್ ಕ್ಯಾನಿಗೆ ಇಳಿಸಿಕೊಳ್ಳಿ. ಬಿಚ್ಚಿದ ಮೇಲೆ ಅಲ್ಲೇ ಒಣಗಲು ಬಿಡಿ, ಆಮೇಲೆ ಮೇಲೆ ತನ್ನಿ.

ಒಂದು ರಟ್ಟಿನ ಮೇಲೆ ಕಾರ್ಬ್ಯುರೇಟರ್ ಚಿತ್ರ ಬರೆದು, ತೆಗೆದ ಸ್ಕ್ರೂಗಳನ್ನು ಆಯಾ ಜಾಗದಲ್ಲೇ ಚುಚ್ಚಿಡಿ. ಜೆಟ್ಟಿನ, ಅಂದರೆ ಪೆಟ್ರೋಲ್ ಅಳತೆಯಾಗಿ ಹಾದುಹೋಗುವ ಪುಟ್ಟ ಬಿಡಿಭಾಗದ, ತೂತಿಗೆ ತಂತಿ ತೂರಿಸಬೇಡಿ, ತೂತು ದೊಡ್ಡದಾದರೆ ಪೆಟ್ರೋಲ್ ಜಾಸ್ತಿ ಹೋಗುತ್ತದೆ.

ಅಸೋಸಿಯೇಷನ್ನಿನವರಿಗೆ ಮೊದಲೇ ಹೇಳಿಬಿಡಿ: ಇಂಥ ದಿನ, ಎರಡು ಗಂಟೆ, ನೆಲಕ್ಕೆ ರಟ್ಟು ಹಾಸುತ್ತೇನೆ ಅಂತ. ಸುಮ್ನೆ ಶುರು ಮಾಡಿದರೆ ಜಗಳ ಆಗುತ್ತದೆ. ಇಂಜಿನ್ನೇ ತೆರೆಯುವ ಕೆಲಸವಾದರೆ ಮಾತ್ರ ಅಂಗಳ ಇರುವ ಸ್ನೇಹಿತರನ್ನು ಕೇಳಿ.