ಆ ಸರಪಳಿ ಯಾಕೆ ಬಿಗಿಯಾಗಿದೆ?

ನಮಸ್ಕಾರ,

ಎಚ್‌ಒ ಅಳತೆಯ (ನಿಜದ 87ರಲ್ಲಿ ಒಂದು ಪಾಲಿನ) ಡೀಸೆಲ್ ಲೋಕೊ, ಅಂದರೆ ರೈಲು ಇಂಜಿನ್ ಮಾದರಿಗೆ ಹ್ಯಾಂಡ್ ಬ್ರೇಕ್ ಕೂರಿಸಿದ ಬಗ್ಗೆ ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಕಳಿಸಿ, ಖಂಡಿತ ಓದುತ್ತೇನೆ.

ಮೊದಲು ಫೋಟೊ. ಲೋಕೊ ಗೂಡ್ಸ್ ಗಾಡಿ ಎಳೆದುಕೊಂಡು ಹೋಗುತ್ತಿದೆ, ಬ್ರೇಕಿನ ಸರಪಳಿ ಮಾತ್ರ ತಂತಿಯ ಹಾಗೆ ಬಿಗಿಯಾಗಿದೆ. ಅಂದರೆ ಬ್ರೇಕ್ ಹಾಕಿಕೊಂಡೇ ಓಡುತ್ತಿದೆ ಅಂತಾಯ್ತು ಅಲ್ವಾ? ಲೇಖನದ ಕೊರತೆಯೂ ಇದೇ. ಕೈಯಿಂದ ತಿರುಗಿಸುವ ಬ್ರೇಕ್ ಚಕ್ರದ ಬಣ್ಣಕ್ಕೆ ಒಂದು ಪುಟ ಕೊಟ್ಟಿದ್ದೀರಿ. ಅದನ್ನು ತಿರುಗಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಸಾಲೂ ಇಲ್ಲ.

ನಿಜವಾದ ಲೋಕೊದಲ್ಲಿ ಚಕ್ರ ತಿರುಗಿಸಿದಂತೆ ಸರಪಳಿ ಸುತ್ತಿಕೊಳ್ಳುತ್ತದೆ. ಹಲ್ಲುಚಕ್ರಕ್ಕೆ ಬಿದ್ದ ಕೊಕ್ಕೆ ಅದನ್ನು ಹಿಂದಕ್ಕೆ ಜಾರಲು ಬಿಡುವುದಿಲ್ಲ. ಸರಪಳಿ ಬೋಗಿಯ (ಲೋಕೊದ ಅಡಿಯಲ್ಲಿ ಗಾಲಿಗಳನ್ನು ಹೊತ್ತು ತಿರುಗುವ ಚೌಕಟ್ಟಿನ) ಸನ್ನೆಕೋಲನ್ನು ಎಳೆಯುತ್ತದೆ, ಬ್ರೇಕ್ ಶೂ ಗಾಲಿಯನ್ನು ಒತ್ತುತ್ತದೆ. ಸಾಮಾನ್ಯವಾಗಿ ಒಂದೇ ಬೋಗಿಗೆ, ಅದರಲ್ಲೂ ಕೆಲವೇ ಗಾಲಿಗಳಿಗೆ ಈ ಬ್ರೇಕ್ ಇರುತ್ತದೆ. ಇದು 'ಓಡುವ ಗಾಡಿಯನ್ನು ನಿಲ್ಲಿಸುತ್ತದೆ' ಅಂತ ಬರೆದಿದ್ದೀರಿ, ಅದು ತಪ್ಪು. ನಿಂತ ಗಾಡಿ ಉರುಳದಂತೆ ಹಿಡಿಯುವುದು ಇದರ ಕೆಲಸ. ಏರ್ ಬ್ರೇಕಿನ ಗಾಳಿ ಹೊತ್ತು ಕಳೆದಂತೆ ಸೋರುತ್ತದೆ, ಅದಕ್ಕೇ ಇದು ಬೇಕು. 2013ರ ಜುಲೈನಲ್ಲಿ ಕೆನಡಾದ ಲಾಕ್-ಮೆಗಾಂಟಿಕ್ ಊರಿನ ಮೇಲ್ಗಡೆ, ಇಳಿಜಾರಿನಲ್ಲಿ ನಿಲ್ಲಿಸಿದ್ದ ಕಚ್ಚಾ ತೈಲದ ಗಾಡಿಗೆ ಹಾಕಿದ್ದು ಏಳೇ ಹ್ಯಾಂಡ್ ಬ್ರೇಕ್. ಬ್ರೇಕಿಗೆ ಗಾಳಿ ತುಂಬುತ್ತಿದ್ದ ಇಂಜಿನ್ ನಿಂತ ಮೇಲೆ ಗಾಳಿ ಸೋರಿತು, ಆ ಏಳು ಸಾಲಲಿಲ್ಲ. ಗಾಡಿ ಊರೊಳಕ್ಕೆ ಉರುಳಿ 47 ಜನ ಸತ್ತರು. ನೀವು ಮಾದರಿಗೆ ಕೂರಿಸುತ್ತಿರುವುದು ಇಂಥ ಸಾಧನವನ್ನು.

ಅಳತೆಯನ್ನೂ ನೋಡಿಕೊಳ್ಳಿ. 1:87ರಲ್ಲಿ ನಿಮ್ಮ 10 ಮಿ.ಮೀ. ಬ್ರೇಕ್ ಚಕ್ರ ಅಂದರೆ ನಿಜದಲ್ಲಿ 87 ಸೆಂ.ಮೀ., ತುಂಬಾ ಜಾಸ್ತಿ. 56 ಸೆಂ.ಮೀ. ಚಕ್ರಕ್ಕೆ 6.4 ಮಿ.ಮೀ. ಸಾಕು. ಕೆಲವು ಲೋಕೊಗಳಲ್ಲಿ ಚಕ್ರವೇ ಇಲ್ಲ, ಹಿಂದೆ ಮುಂದೆ ಆಡಿಸುವ ಹಿಡಿ ಇರುತ್ತದೆ. ನಿಮ್ಮದು ಯಾವ ಮಾದರಿಯೋ ಅದರ ಹಳೇ ಫೋಟೊ ಹುಡುಕಿ.

ಇಡೀ ಲೇಖನದಲ್ಲಿ ನನಗೆ ತುಂಬಾ ಇಷ್ಟವಾದದ್ದು ಕೊನೆಯ ಎರಡು ಸಾಲು. ಸರಪಳಿಯ ಎರಡೂ ತುದಿ ಅಂಟಿಸಿದ್ದಕ್ಕೆ ತಿರುವಿನಲ್ಲಿ ಬೋಗಿ ಹಳಿ ತಪ್ಪಿತು ಅಂದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡಿ. ಮೇಲಿನ ತುದಿಯನ್ನು ಮಾತ್ರ ಅಂಟಿಸಿ. ಕೆಳಗಿನದು ಬೋಗಿಯ ಹಿಂದೆ ಸುಮ್ನೆ ಇಳಿಬಿದ್ದಿರಲಿ. ಬೋಗಿ ಸಲೀಸಾಗಿ ತಿರುಗುತ್ತದೆ, ಬ್ರೇಕ್ ಬಿಟ್ಟ ಲೋಕೊದ ಹಾಗೆ ಸರಪಳಿ ಸಡಿಲವಾಗಿಯೂ ಕಾಣುತ್ತದೆ.

ಹಳಿ ತಪ್ಪಿದಾಗ ತೆಗೆದ ಫೋಟೊ ಇದ್ದರೆ ಅದನ್ನೂ ಕಳಿಸಿ.